ನೀರು ಒಗ್ಗಿತೆಂಬ ಮಾತು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಒಪ್ಪಿಸಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾದಾಗ ಛಂದಸ್ಸಿನ ವಿಷಯವಾಗಿ ಏನನ್ನಾದರೂ ಬರೆಯೋಣವೆಂದುಕೊಂಡಿದ್ದೆ. ಆದರೆ ಎರಡು ವರ್ಷಗಳಿಂದ ಮನಸ್ಸನ್ನು ಕೊರೆಯುತ್ತಿರುವ ಸಂಗತಿಯೊಂದು ಲೇಖನಿಯನ್ನು ಬೇರೆಡೆಗೆ ತಿರುಗಿಸಿತು. ನನ್ನ ಬಾಯಿಂದಲೇ ಹೊರಟ ಒಂದು ಮಾತಿನ ಸಂಗತಿ ಅದು.

ಹತ್ತನೆಯ ತರಗತಿಯನ್ನು ಮುಗಿಸಿದ ಹಗರೆಯ ಸುತ್ತಲಿನ ಮಕ್ಕಳಲ್ಲಿ ಹಲವರು ಹಾಸನದ ಕಾಲೇಜುಗಳಿಗೆ ಸೇರಿ ವಿದ್ಯಾರ್ಥಿನಿಲಯಗಳಲ್ಲಿ ಇರುತ್ತಾರೆ. ಅಲ್ಲಿಯವರೆಗೆ ಹೊಲದ ಬದುವಿನ ಮೇಲೆ ನಡೆದು ಶಾಲೆಗೆ ಬಂದವರು, ಕೊಟ್ಟಿಗೆ ಬಾಚಿದವರು, ರಾಗಿಮುದ್ದೆ ಸೊಪ್ಪಿನ ಸಾರು ಉಂಡವರು. ಅಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನಡುನಡುವೆ ಬೇಕರಿಯ ಬನ್ನು. ಹಗಲೆಲ್ಲ ಕುಳಿತಿರುವುದು, ಇರುಳೆಲ್ಲ ಓದು. ಹದಿನಾರರ ಪ್ರಾಯವಂತೂ ಶರೀರವು ತಾನಾಗಿಯೇ ತುಂಬಿಕೊಳ್ಳುವ ಕಾಲ. ಮನೆಯ ನೆನಪಿನಲ್ಲಿ ಊಟ ಸೇರದೆ ಸೊರಗುವವರೂ ಉಂಟು. ಅಮೆರಿಕ ದೇಶದಲ್ಲಿ ಕಾಲೇಜಿನ ಮೊದಲ ವರ್ಷ 15 ಪೌಂಡು, ಎಂದರೆ ಸುಮಾರು 7 ಕಿಲೋ, ತೂಕ ಏರುತ್ತದೆಂಬ ಮಾತು ರೂಢಿಯಲ್ಲಿದೆ. ಸಂಶೋಧಕರು ತೂಗಿ ನೋಡಿದಾಗ ಸರಾಸರಿ ಏರಿಕೆ 2 ಕಿಲೋವನ್ನೂ ಮುಟ್ಟಲಿಲ್ಲ. ತಕ್ಕಡಿಗಿಂತ ಬಾಯಿ ಬಹಳ ಮುಂದೆ ಹೋಗಿತ್ತು.

ಆ ವರ್ಷ ದಸರಾ ರಜೆಯಲ್ಲಿ, ಹಾಸನದ ಬಸ್ಸಿನಿಂದ ಇಳಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಹಗರೆಯಲ್ಲಿ ಕಂಡೆ. ಕೆನ್ನೆ ತುಂಬಿತ್ತು. "ಏನಮ್ಮ ತಾಯಿ, ಹಾಸನದ ನೀರು ಚೆನ್ನಾಗಿ ಒಗ್ಗಿದೆಯಲ್ಲ!" ಎಂದೆ. ಅಂಗಡಿಯ ಮುಂದಿದ್ದ ನಾಲ್ಕಾರು ಮಂದಿ ನಕ್ಕರು. ಅವಳೂ ನಕ್ಕಳು. ನಮ್ಮ ಸೀಮೆಯಲ್ಲಿ ಇದು ಹರಸುವ ಮಾತೇ. ಬರವನ್ನು ಕಂಡುಂಡ ತಲೆಮಾರಿಗೆ ಮೈ ತುಂಬಿಕೊಳ್ಳುವುದೆಂದರೆ ಸುಭಿಕ್ಷ.

ಸಂಕ್ರಾಂತಿಯ ಮರುದಿನ ಅವಳ ತಾಯಿ ನಮ್ಮ ಮನೆಗೆ ಬಂದರು. "ನೀವಾದ್ರೂ ಒಂದು ಮಾತು ಹೇಳಿ ಮೇಷ್ಟ್ರೇ. ಮುದ್ದೆ ಇಟ್ಟರೆ ತಟ್ಟೆ ದೂಡ್ತಾಳೆ. ಕಾಲೇಜಲ್ಲಿ ತಲೆಸುತ್ತಿ ಬಿದ್ದಿದ್ದಳಂತೆ. ತುಂಬಾ ಬಡವಾಗಿಬಿಟ್ಟಿದ್ದಾಳೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ವೈದ್ಯರು ರಕ್ತ ಕಡಿಮೆಯಿದೆ ಎಂದಿದ್ದರಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ನಾಡಿನಲ್ಲಿ ಬೆಳೆಯುವ ಹುಡುಗಿ ಊಟ ಬಿಟ್ಟಿದ್ದಳು.

'ಬಡವಾಗಿದ್ದಾಳೆ' ಎಂಬ ಆ ತಾಯಿಯ ಮಾತು ನನ್ನ ಕಿವಿಯಲ್ಲಿ ನಿಂತಿತು. ಹಳಗನ್ನಡ ಕಾವ್ಯಗಳ ನಾಯಿಕೆಯರಿಗೆ 'ಬಡನಡು' ಇರುತ್ತದೆ. ಅದನ್ನು ಸೌಂದರ್ಯವೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಅದೂ ಬಡ, ಇದೂ ಬಡ. ಕವಿಗೆ ಹೊಗಳಿಕೆಯಾದದ್ದು ತಾಯಿಗೆ ಸಂಕಟ. ಎರಡನೆಯ ಅರ್ಥವನ್ನು ತರಗತಿಯಲ್ಲಿ ಒಮ್ಮೆಯೂ ಬಿಡಿಸಿ ಹೇಳಿದವನಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ ಮಕ್ಕಳನ್ನು ಕರೆದೊಯ್ದಾಗಲೂ ದರ್ಪಣಸುಂದರಿಯ ನಡುವನ್ನಷ್ಟೇ ವರ್ಣಿಸಿದ್ದೇನೆ. ಶಿಲ್ಪಿಯು ಅವಳಿಗೆ ಕೊಟ್ಟ ತುಂಬುದೋಳು, ತುಂಬುದೊಡೆಗಳನ್ನಲ್ಲ. ದೇಹವನ್ನೇ ದೇಗುಲವೆಂದು ಕಂಡ ಬಸವಣ್ಣನವರ ವಚನವನ್ನು ಕಲಿಸುವ ನಾನೇ ಬಸ್ ನಿಲ್ಲುವಲ್ಲಿ ನಿಂತು ಆ ದೇಗುಲದ ಸುತ್ತಳತೆಯನ್ನು ತೆಗೆದಿದ್ದೆ.

ಅವರ ಮನೆಗೆ ಹೋದೆ. ಜಗುಲಿಯ ಮೇಲೆ ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಬುದ್ಧಿ ಹೇಳಲು ಬಂದವನಿಗೆ ಮಾತು ಹೊರಡಲಿಲ್ಲ. "ಅವತ್ತು ನಾನು ಹಾಗೆ ಅನ್ನಬಾರದಿತ್ತು, ಮಗಳೇ" ಎಂದೆ.

"ನೀವೊಬ್ಬರೇ ಅಲ್ಲ ಸಾರ್. ಹಾಸ್ಟೆಲಿನಲ್ಲೂ ಅಂತಿದ್ದರು, ಮೊಬೈಲಿನ ಫೋಟೋ ನೋಡಿ ಅತ್ತೆಯೂ ಅಂದರು. ಅವರೆಲ್ಲ ತಮಾಷೆಗೆ ಅಂತಾರೆ ಅಂದುಕೊಂಡಿದ್ದೆ. ನೀವೂ ಅಂದಮೇಲೆ ನಿಜವೇ ಇರಬೇಕು ಅನ್ನಿಸಿತು."

ಗುರುವಿನ ಮಾತಿಗೆ ಶಿಷ್ಯರು ಕೊಡುವ ಬೆಲೆಯನ್ನು ಕುರಿತು ಎಷ್ಟು ಸಭೆಗಳಲ್ಲಿ ಹೆಮ್ಮೆಯಿಂದ ಭಾಷಣ ಮಾಡಿದ್ದೇನೆಯೋ!

ಮುಂದೆ ವೈದ್ಯರ ಔಷಧವೂ ತಾಯಿಯ ತಾಳ್ಮೆಯೂ ಕೆಲಸ ಮಾಡಿದವು; ನನ್ನದೇನೂ ಇಲ್ಲ. ಆ ಸಲದ ಬಸವ ಜಯಂತಿಯ ದಾಸೋಹದಲ್ಲಿ ಅವಳು ಗೆಳತಿಯರೊಡನೆ ಪಂಕ್ತಿಯಲ್ಲಿ ಕುಳಿತಿದ್ದಳು. ನಾನು ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತ ಬಂದೆ. ಅವಳ ಎಲೆಯ ಮುಂದೆ ಬಂದಾಗ ಅಭ್ಯಾಸಬಲದಿಂದ ಏನೋ ಹಾಸ್ಯದ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಅರ್ಧ ಸೌಟು ಸಾಕು ಸಾರ್" ಎಂದಳು.

ಅರ್ಧ ಸೌಟನ್ನೇ ಬಡಿಸಿ ಮುಂದಿನ ಎಲೆಗೆ ಸರಿದೆ.