ಕೃತ್ತಿಕೆಗಳ ಆಯವ್ಯಯ

ಕಾರ್ತಿಕಮಾಸದ ಸಂಜೆ ಮೂಡಣದಲ್ಲಿ ಗೊಂಚಲಾಗಿ ತೋರುವ ಕೃತ್ತಿಕೆಗಳನ್ನು ನಮ್ಮ ಪೂರ್ವಿಕರು ಷಣ್ಮುಖನಿಗೆ ಹಾಲೆರೆದ ಆರು ಮಂದಿ ಮಾತೆಯರೆಂದು ಭಾವಿಸಿದರು. ಬರಿಗಣ್ಣಿಗೆ ಆರೇ ಆಗಿ ಕಾಣುವ ಆ ಗುಂಪಿನಲ್ಲಿ, ಗೆಲಿಲಿಯೋ 1610ರಲ್ಲಿ ದೂರದರ್ಶಕದ ಸಹಾಯದಿಂದ 36 ತಾರೆಗಳನ್ನು ಗುರುತಿಸಿ ಚಿತ್ರಿಸಿದನು. ಇಂದಿನ ಎಣಿಕೆಯು ಸಾವಿರವನ್ನು ಮೀರಿದೆ. ಸುಮಾರು 440 ಜ್ಯೋತಿರ್ವರ್ಷಗಳ ದೂರದಲ್ಲಿರುವ ಇವೆಲ್ಲವೂ ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದೇ ಮೇಘದ ಗರ್ಭದಲ್ಲಿ ಜನಿಸಿದ ಒಡಹುಟ್ಟುಗಳು.

ಜನ್ಮವು ಒಂದೇ ಆದರೂ ಆಯುಸ್ಸು ಒಂದೇ ಅಲ್ಲ. ಸೂರ್ಯನ ಹತ್ತರಷ್ಟು ದ್ರವ್ಯವುಳ್ಳ ತಾರೆಯು ಅವನಿಗಿಂತ ಸಾವಿರಾರು ಪಾಲು ಅಧಿಕವಾಗಿ ಬೆಳಗುವುದು. ಮೂಲಧನವು ಹತ್ತು ಪಾಲು, ವ್ಯಯವು ಸಾವಿರಾರು ಪಾಲು! ಸೂರ್ಯನು ಸುಮಾರು 1000 ಕೋಟಿ ವರ್ಷ ಬಾಳುವನಾದರೆ, ಅಂತಹ ತಾರೆಯು ಎರಡು ಮೂರು ಕೋಟಿ ವರ್ಷಗಳಲ್ಲಿಯೇ ಸಿಡಿದು ಅಳಿಯುವುದು. ಕೃತ್ತಿಕೆಗಳಲ್ಲಿ ಅಂತಹ ಅಗ್ರಜರು ಹುಟ್ಟಿದ್ದರೂ ಎಂದೋ ಮರೆಯಾಗಿರಬೇಕು. ಈಗ ನೀಲಕಾಂತಿಯಿಂದ ಮೆರೆಯುವ ಆರು ಮಂದಿಯದೇ ಮುಂದಿನ ಸರದಿ. ಕಾಲಕ್ರಮದಲ್ಲಿ ಗುಂಪೂ ಚದರಿ, ಮಿತವಾಗಿ ಉರಿಯುವ ಕೆಂಪು ಕಿರುತಾರೆಗಳು ಒಂಟಿಯಾಗಿ ಬಹುಕಾಲ ಬಾಳುವುವು.

ಹಾಗೆಂದು ಮಿತವ್ಯಯವೊಂದೇ ಶ್ಲಾಘ್ಯವೆನ್ನಬಹುದೆ? ಹಿಂದಿನ ಯುಗಗಳ ಮಹಾತಾರೆಗಳು ಸಿಡಿದು ಚೆಲ್ಲಿದ ಆಮ್ಲಜನಕವೇ ಇಂದು ನಮ್ಮ ನೀರಿನಲ್ಲಿಯೂ ಉಸಿರಿನಲ್ಲಿಯೂ ಇರುವುದು. ಆ ವ್ಯಯವನ್ನು ದುಂದೆಂದು ಹೇಳಲಾಗದು.