ಅನುಮಾನವೂ ಆಪ್ತವಾಕ್ಯವೂ

ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವರೆಲ್ಲರಿಗೂ ಬೆಟ್ಟ, ಹೊಗೆ, ಬೆಂಕಿ ಈ ಮೂರೂ ಪರಿಚಿತವಾಗಿರುವವು. ಬೆಟ್ಟದ ಮೇಲೆ ಹೊಗೆ ಕಂಡಿತು. ಹೊಗೆಯಿದ್ದಲ್ಲಿ ಬೆಂಕಿ ಇರಲೇಬೇಕು. ಆದುದರಿಂದ ಬೆಟ್ಟದಲ್ಲಿ ಬೆಂಕಿಯುಂಟು. ಇದಕ್ಕೆ ಅನುಮಾನವೆಂದು ಹೆಸರು. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಾದರೋ ಅದು ನಿಶ್ಚಯವನ್ನು ಕೊಡುವ ಪ್ರಮಾಣ. ಆದರೆ ಬೆಳಗಿನ ಮಂಜನ್ನೇ ಹೊಗೆಯೆಂದು ಬಗೆದವನ ಅನುಮಾನವು ಎಷ್ಟು ಕ್ರಮಬದ್ಧವಾಗಿದ್ದರೂ ನಿಲ್ಲಲಾರದು. ದಂಪತಿಗಳು ಒಬ್ಬರನ್ನೊಬ್ಬರು ಕುರಿತು ಮಾಡಿಕೊಳ್ಳುವ ನಿರ್ಣಯಗಳಲ್ಲಿ ಅನೇಕವು ಈ ಜಾತಿಯವೇ ಆಗಿರುವವು.

ನಮ್ಮ ಭಾಗದವರಿಗೆ ಬೆಟ್ಟಕ್ಕಿಂತಲೂ ಹತ್ತಿರದ ದೃಷ್ಟಾಂತವೊಂದುಂಟು. ಬ್ಯಾಡಗಿಯ ಪೇಟೆಗೆ ಹೊಸದಾಗಿ ಬಂದವನು ರಾಶಿ ರಾಶಿಯಾಗಿ ಸುರಿದ ಮೆಣಸಿನಕಾಯಿಯ ಕಡುಗೆಂಪನ್ನು ಕಂಡು, ಇದೆಷ್ಟು ಖಾರವಿದ್ದೀತೆಂದು ಹಿಂಜರಿಯುವನು. ಆದರೆ ಆ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಈ ಕಾಯಿಗೆ ಇರುವ ಬೇಡಿಕೆ ಬಹುಮಟ್ಟಿಗೆ ಬಣ್ಣದ್ದೇ. ಅದರ ಸತ್ವವನ್ನು ತೆಗೆದು ತುಟಿಗೆ ಹಚ್ಚುವ ರಂಗಿಗೂ ಬಳಸುವರು. ಕೆಂಪಿದ್ದಲ್ಲೆಲ್ಲ ಖಾರವಿರುವದಿಲ್ಲ. ಹೀಗೆ ಒಮ್ಮೆ ಸರಿಹೋಗಿ ಮತ್ತೊಮ್ಮೆ ಕೈಕೊಡುವ ಕಾರಣವನ್ನು ತಾರ್ಕಿಕರು ಸವ್ಯಭಿಚಾರವೆಂದು ಕರೆದು ದೋಷಗಳಲ್ಲಿ ಎಣಿಸಿದ್ದಾರೆ.

ನಾನು ವೈದಿಕ ಮನೆತನದವನಾದರೂ ಸಹೋದ್ಯೋಗಿಗಳ ಸ್ನೇಹದಿಂದ ಕ್ರೈಸ್ತರ ವಿವಾಹಗಳನ್ನು ಹಲವು ಸಲ ನೋಡಿದ್ದೇನೆ. ಮೊದಲು ಮೂರು ರವಿವಾರ ಚರ್ಚಿನಲ್ಲಿ ವಧೂವರರ ಹೆಸರುಗಳನ್ನು ಸಾರಿ, ಅಡ್ಡಿಯೇನಾದರೂ ಉಂಟೇ ಎಂದು ಸಭೆಯನ್ನು ಕೇಳುವರು. ವಿವಾಹದ ದಿನ ಪಾದ್ರಿಗಳು ವರನನ್ನು ಬೇರೆ, ವಧುವನ್ನು ಬೇರೆ ಪ್ರಶ್ನಿಸುವರು. ಇಬ್ಬರೂ ತಮ್ಮ ಬಾಯಿಂದಲೇ ಉತ್ತರ ಕೊಡತಕ್ಕದ್ದು. ಹುಡುಗಿ ತಲೆ ಬಗ್ಗಿಸಿದಳು, ಆದುದರಿಂದ ಒಪ್ಪಿದಳೆಂದು ಊಹಿಸಲು ಅಲ್ಲಿ ಆಸ್ಪದವಿಲ್ಲ. ಎಂದರೆ, ಆ ವಿವಾಹವು ಅನುಮಾನದಿಂದಲ್ಲ, ಶಬ್ದಪ್ರಮಾಣದಿಂದ ಸಿದ್ಧಿಸುವದು.

ಈ ಸೀಮೆಯ ಪ್ರೊಟೆಸ್ಟಂಟ್ ಸಭೆಗಳು ಹೆಚ್ಚಾಗಿ ಬಾಸೆಲ್ ಮಿಶನ್ನಿನಿಂದ ಬೆಳೆದವುಗಳು. 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ಲರು ಆ ಮಿಶನ್ನಿಗೆ ಸೇರಿದವರೆಂಬುದನ್ನು ವಾಚಕರು ಬಲ್ಲರು. ಆ ಮಿಶನ್ನಿನವರು 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಒಂದೊಂದೇ ಊರಿನಲ್ಲಿ ನೆಲೆಯೂರಿದರು. ಮಿಶನರಿಗಳು ಬರುವಾಗ ಸಾಮಾನ್ಯವಾಗಿ ಅವಿವಾಹಿತರು. ಕೆಲವು ವರ್ಷ ಸೇವೆ ಮಾಡಿದ ಬಳಿಕ ಬಾಸೆಲ್ಲಿನ ಕಮಿಟಿಯ ಒಪ್ಪಿಗೆ ಬೇಡಬೇಕು. ಆಮೇಲೆ ವಧುವು ಹಡಗನ್ನೇರಿ ಬರಬೇಕು. ಕೈಹಿಡಿಯುವವನ ಮುಖವನ್ನು ಬಂದರಿನಲ್ಲಿಯೇ ಮೊದಲ ಸಲ ಕಂಡ ಹೆಣ್ಣುಮಕ್ಕಳು ಅವರಲ್ಲಿ ಕೆಲವರಲ್ಲ, ಅನೇಕರು. ಅವರ ಪಾಡು ಕಠಿಣವೇ ಸರಿ. ಆದರೆ ತಾವು ಏನನ್ನೂ ಅರಿಯೆವೆಂಬುದನ್ನಾದರೂ ಅವರು ಅರಿತಿದ್ದರು. ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನವುಂಡವರಿಗೆ ಆ ಅರಿವು ಉಳಿಯುವದಿಲ್ಲ.

ರಾಣೆಬೆನ್ನೂರಿನಲ್ಲಿ ನನ್ನೊಡನೆ ಗಣಿತವನ್ನು ಕಲಿಸುತ್ತಿದ್ದ ಮಿತ್ರರೊಬ್ಬರು ಇಂಥದೊಂದು ಸಭೆಯವರು. ಹೆಸರು ಬರೆಯಕೂಡದೆಂಬ ಕರಾರಿನ ಮೇಲೆ ಪತಿಪತ್ನಿಯರಿಬ್ಬರೂ ಈ ವೃತ್ತಾಂತಕ್ಕೆ ಒಪ್ಪಿದ್ದಾರೆ. ಅವರು ಮೊದಲು ಹಾವೇರಿಯಲ್ಲಿದ್ದಾಗ ಚೊಚ್ಚಲ ಹೆಣ್ಣುಕೂಸು ಎಂಟು ತಿಂಗಳಿನದಾಗಿ ಜ್ವರದಿಂದ ತೀರಿಕೊಂಡಿತು. ಅಲ್ಲಿಯೇ ಮಣ್ಣು ಮಾಡಿದರು. ತರುವಾಯ ರಾಣೆಬೆನ್ನೂರಿಗೆ ವರ್ಗವಾಯಿತು. ಪತಿಯು ಕೂಸಿನ ಹೆಸರನ್ನು ಮತ್ತೆಂದೂ ಎತ್ತಲಿಲ್ಲ. ಅಷ್ಟೇ ಅಲ್ಲ, ಪ್ರತಿವರ್ಷವೂ ಸರಿಯಾಗಿ ಅದೇ ತಾರೀಖಿಗೆ ‘ಬ್ಯಾಡಗಿಗೆ ಹೋಗಿ ಬರುವೆ’ನೆಂದು ಬೆಳಿಗ್ಗೆಯೇ ಹೊರಟು, ಸಂಜೆಗೆ ಮೆಣಸಿನಕಾಯಿಯ ಗಂಟಿನೊಂದಿಗೆ ಮರಳುವರು. ಮಗು ಸತ್ತ ದಿನ ಪೇಟೆಗೆ ಹೋಗುವ ಮನುಷ್ಯನ ಎದೆ ಎಂಥದೆಂದು ಆಕೆ ನಿರ್ಣಯಿಸಿಬಿಟ್ಟರು. ಆ ಕಾಯಿಗಳನ್ನು ಬಿಸಿಲಿಗೆ ಹರವಿ, ಕುಟ್ಟಿ, ಡಬ್ಬಿಗೆ ತುಂಬಿ ಹತ್ತೊಂಬತ್ತು ವರ್ಷ ಅಡಿಗೆ ಮಾಡಿದರು. ಮನೆಯಲ್ಲಿ ಜಗಳವಿರಲಿಲ್ಲ, ಸಂಜೆಯ ಪ್ರಾರ್ಥನೆ ತಪ್ಪಿರಲಿಲ್ಲ. ನೆರೆಯವರಿಗೆ ಅದು ಮಾದರಿಯ ಸಂಸಾರವಾಗಿತ್ತು.

ಆ ತಾರೀಖು ರವಿವಾರಕ್ಕೆ ಬಂದ ವರ್ಷಗಳೂ ಇದ್ದವು. ಆಗ ಆಕೆಗೆ ಕಂಡದ್ದು ಪತಿಯು ಚರ್ಚು ತಪ್ಪಿಸಿದ್ದೊಂದೇ. ಬಲಿತ ಭ್ರಾಂತಿಯು ವಿರುದ್ಧವಾದ ಸಾಕ್ಷ್ಯವನ್ನೂ ತನ್ನ ಕಡೆಗೇ ತಿರುಗಿಸಿಕೊಳ್ಳುವದು. ಇಪ್ಪತ್ತನೆಯ ವರ್ಷದ ಅಂಥದೊಂದು ರವಿವಾರ ಮಾತ್ರ, ‘ಇಂದು ಪೇಟೆಯಿಲ್ಲವಷ್ಟೆ, ಬ್ಯಾಡಗಿಯಲ್ಲಿ ನಿಮಗೇನು ಕೆಲಸ?’ ಎಂದು ಆಕೆ ಕೇಳಿದರು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಾನು ಹಾವೇರಿಗೆ ಹೋಗುತ್ತೇನೆ. ಬರುವಾಗ ಬ್ಯಾಡಗಿಯಲ್ಲಿ ಇಳಿಯುತ್ತೇನೆ’ ಎಂದರು.

ಪತಿಯ ತಪ್ಪೆಣಿಕೆಯೂ ಇದಕ್ಕೆ ಕಡಿಮೆಯದಲ್ಲ. ಮಣ್ಣಾದ ಎಂಟು ದಿನಗಳೊಳಗೆ ಪತ್ನಿಯು ಕೂಸಿನ ಕುಲಾವಿ, ಅಂಗಿಗಳನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದನ್ನು ಕಂಡು, ಈಕೆಯ ಮುಂದೆ ಆ ಮಾತನ್ನೆತ್ತಿದರೆ ಬದುಕಲಾರಳೆಂದು ಅವರು ತಿಳಿದಿದ್ದರು. ಅವರು ಊರಲ್ಲಿಲ್ಲದ ಆ ಒಂದು ದಿನ ಆಕೆ ಪೆಟ್ಟಿಗೆಯನ್ನು ತೆರೆದು ಕೂಡುತ್ತಿದ್ದುದು ಅವರಿಗೆ ತಿಳಿಯಲಿಲ್ಲ.

ಸತ್ಯವು ಹೊರಬಿದ್ದೊಡನೆ ಆಕೆಗೆ ಸಂತೋಷವಾಯಿತೆಂದು ವಾಚಕರು ತಿಳಿಯಬಾರದು. ಬಂದದ್ದು ಸಿಟ್ಟು. ‘ನನ್ನ ಕೂಸಿನ ಮಣ್ಣಿಗೆ ನನ್ನನ್ನು ಕರೆದೊಯ್ಯಲಿಲ್ಲವಲ್ಲ’ ಎಂದು ಹಲವು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆ ಸಿಟ್ಟು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ದ್ವೇಷದಿಂದ ಹುಟ್ಟಿದ ಭ್ರಾಂತಿಯನ್ನು ಜನರು ಎಂದಾದರೊಮ್ಮೆ ಪರೀಕ್ಷಿಸುವರು. ಕರುಣೆಯಿಂದ ಹುಟ್ಟಿದುದನ್ನು ಪುಣ್ಯವೆಂದು ಬಗೆದು ಮುಟ್ಟುವದೇ ಇಲ್ಲ. ಮರುವರ್ಷ ಇಬ್ಬರೂ ಕೂಡಿಯೇ ಹಾವೇರಿಗೆ ಹೋದರು.

ಅನ್ನಂಭಟ್ಟನ ತರ್ಕಸಂಗ್ರಹವು ಅಯಥಾರ್ಥ ಜ್ಞಾನವನ್ನು ಸಂಶಯ, ವಿಪರ್ಯಯ, ತರ್ಕವೆಂದು ಮೂರಾಗಿ ವಿಭಾಗಿಸಿದೆ. ವಿಪರ್ಯಯವೆಂದರೆ ಒಂದನ್ನು ಮತ್ತೊಂದೆಂದು ನಿಶ್ಚಯಿಸಿಕೊಳ್ಳುವದು. ಸಂಸಾರದಲ್ಲಿ ಇದಕ್ಕಿಂತ ಸಂಶಯವೇ ಲೇಸು. ಅದೇಕೆಂದರೆ ಸಂಶಯಕ್ಕೆ ಪ್ರಶ್ನೆ ಹುಟ್ಟುವದು, ನಿಶ್ಚಯಕ್ಕೆ ಹುಟ್ಟುವದಿಲ್ಲ. ದೂರದ ಬೆಟ್ಟವನ್ನು ಮಾತಾಡಿಸಲು ಬಾರದೆಂದು ನಾವು ಹೊಗೆಯನ್ನು ನಂಬುವೆವು. ಪಕ್ಕದಲ್ಲಿ ಕುಳಿತವರನ್ನು ಕೇಳಬಹುದು. ಪಾದ್ರಿಗಳು ವಿವಾಹದ ದಿನ ಪ್ರಶ್ನೆಯನ್ನು ತಾವಾಗಿ ಕೇಳಿದ್ದು ಒಂದೇ ಸಲ. ಉಳಿದವುಗಳನ್ನು ಆ ಇಬ್ಬರಿಗೇ ಬಿಟ್ಟಿರುವರು. ಯಾವ ಮತದ ಮನೆಯೇ ಆಗಲಿ, ಈ ಲೇಖನವನ್ನು ಓದಿದವರು ಬಹುದಿನದಿಂದ ತಮ್ಮಲ್ಲೇ ತೀರ್ಮಾನಿಸಿಕೊಂಡಿರುವ ಯಾವದಾದರೊಂದು ಸಂಗತಿಯನ್ನು ಇಂದೇ ಬಾಯಿಬಿಟ್ಟು ಕೇಳಿದರೆ ನನ್ನ ಶ್ರಮವು ಸಾರ್ಥಕವಾಗುವದು.