ಯಾವ ಮೀನು ಬೇಕು ನಿಮಗೆ?

ಗಾಳ ಹಿಡಿದವನು ಒಂದೇ ಮೀನಿನ ಬೆನ್ನು ಹತ್ತಬೇಕೋ, ಹಲವು ಮೀನು ಹಿಡಿಯಬೇಕೋ? ಈ ಪ್ರಶ್ನೆಯನ್ನು ನಮ್ಮ ಕೇರಿಯಲ್ಲಿ ಯಾರೂ ಕೇಳಿದ್ದಿಲ್ಲ. ಹಸಿವು ಕೇಳುವ ಪ್ರಶ್ನೆ ಬೇರೆ. ಇವತ್ತು ಏನರ ಬಿತ್ತೇನು? ಅಷ್ಟೇ.

ಒಂದೇ ಮೀನಿನ ಮಾತು ನಮ್ಮ ಕಿವಿಗೆ ಬಿದ್ದದ್ದು ಕಲಬುರಗಿಯ ಹಾಸ್ಟೆಲಿನಲ್ಲಿ. ಬೆಂಗಳೂರು ಕಡೆಯಿಂದ ಬಂದ ಗೆಳೆಯನೊಬ್ಬನ ಮಾವ ಹಿಂದೆ ರಜೆ ಬಂದಾಗಲೆಲ್ಲ ಕಾವೇರಿಗೆ ಹೋಗುತ್ತಿದ್ದನಂತೆ. ಮಹಶೀರ್ ಹಿಡಿದು, ತೂಕ ಮಾಡಿ, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೆ ಬಿಡುತ್ತಿದ್ದನಂತೆ. ಬೇರೆ ಮೀನು ಬಿದ್ದರೆ ಮುಖ ಸಿಂಡರಿಸುತ್ತಿದ್ದನಂತೆ. ನಮ್ಮ ಕಡೆಯ ಹುಡುಗರೆಲ್ಲ ನಕ್ಕೆವು. ಹಿಡಿದ ಮೀನು ಕೈಯಾರೆ ಬಿಡುವವನಿಗೆ ನಮ್ಮೂರಲ್ಲಿ ಬೇರೆ ಹೆಸರೇ ಇದೆ. ನಗು ಮುಗಿದ ಮೇಲೂ ಪ್ರಶ್ನೆ ಮಾತ್ರ ಉಳಿಯಿತು. ಗೆಳೆಯರೇ, ಇದು ಬರೀ ಗಾಳದ ಪ್ರಶ್ನೆ ಅಲ್ಲ. ಯಾವ ಜೀವ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಪ್ರಶ್ನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮೂರು ಕಕ್ಕೇರಾ, ಸುರಪುರ ತಾಲ್ಲೂಕು. ಸುತ್ತಲೂ ದೊಡ್ಡಿಗಳು, ದಕ್ಷಿಣಕ್ಕೆ ಕೃಷ್ಣಾ ಹೊಳಿ, ಹೊಳಿ ನಡುವೆ ನೀಲಕಂಠರಾಯನ ಗಡ್ಡಿ. ಮೇಲೆ ನಾರಾಯಣಪುರದಲ್ಲಿ 1982ರಲ್ಲಿ ಅಣೆಕಟ್ಟು ಮುಗಿಯಿತು, ಬಸವಸಾಗರ ಎಂದು ಹೆಸರಿಟ್ಟರು. ಅಲ್ಲಿ ಗೇಟು ಎತ್ತಿದರೆ ಇಲ್ಲಿ ಗಡ್ಡಿಯ ಮಂದಿ ನೀರು ಇಳಿಯುವುದನ್ನೇ ಎಷ್ಟೋ ವರ್ಷ ಕಾಯ್ದರು. ಎಡದಂಡೆ ಕಾಲುವೆ ಬಂತು. ಎಷ್ಟೋ ಜ್ವಾಳದ ಹೊಲ ಭತ್ತದ ಗದ್ದೆಯಾದವು. ಹೊಲ ಇದ್ದವರ ಮನೆಗೆ ಮಾಳಿಗೆ ಏರಿತು. ನಮ್ಮ ಕೇರಿಗೆ ಬಂದದ್ದು ನಾಟಿ ಹಚ್ಚುವ ಕೂಲಿ.

ಹೊಳಿಯಲ್ಲೂ ಎಲ್ಲರಿಗೂ ಒಂದೇ ಜಾಗ ಇರಲಿಲ್ಲ. ತೆಪ್ಪ, ದೊಡ್ಡ ಬಲಿ ಇದ್ದವರು ನಡುನೀರಿಗೆ ಹೋಗುತ್ತಿದ್ದರು. ನಮ್ಮ ಮುತ್ಯಾನ ಹತ್ತಿರ ಇದ್ದದ್ದು ಒಂದು ಬಿದಿರ ಕೋಲು, ಒಂದಿಷ್ಟು ನೂಲು, ನವಿಲುಗರಿಯ ದಂಟಿನ ಬೆಂಡು, ಒಂದು ಗಾಳ. ಕೂಲಿ ಮುಗಿಸಿ ಮಡುವಿನ ದಂಡಿಗೆ ಹೋಗಿ ಕೂಡುತ್ತಿದ್ದ. ಮೊಸಳೆ ಇರುವ ಹೊಳಿ ಅದು. ನಮ್ಮನ್ನು ಬೆನ್ನ ಹಿಂದೆ ಕೂರಿಸಿಕೊಳ್ಳುತ್ತಿದ್ದ. "ದೊಡ್ಡ ಮೀನ ಯಾವಾಗ ಬರ್ತದ ಮುತ್ಯಾ" ಎಂದು ನಾವು ಅವಸರ ಮಾಡಿದರೆ ಬೈಯುತ್ತಿದ್ದ. "ಹೊಳಿ ಏನ ಅಂಗಡಿ ಏನಲೇ, ಅದ ಕೊಡು ಇದ ಕೊಡು ಅನ್ಲಾಕ? ಕೊಟ್ಟದ್ದು ತಗೋಬೇಕು. ಕೊಡದಿದ್ರ ಎದ್ದು ಬರಬೇಕು."

ಸಿಕ್ಕದ್ದನ್ನು ಹಿಡಿಯುವವನು ದಡ್ಡ, ಒಂದನ್ನೇ ಹಿಡಿಯುವವನು ಜಾಣ ಎಂದು ಉಳ್ಳವರು ತಿಳಿದಿದ್ದಾರೆ. ಅದು ಸುಳ್ಳು. ಹಲವು ಮೀನು ಹಿಡಿಯಬೇಕಾದರೆ ಹಲವು ವಿದ್ಯೆ ಬೇಕು. ಕೊರವನಿಗೆ ಕಪ್ಪೆ ಬೇಕು. ಹಾವು ಮೀನಿಗೆ ಎರೆಹುಳ ಬೇಕು, ಅದು ಕಲ್ಲಿನ ಸಂದಿಯಲ್ಲಿ ಇರುತ್ತದೆ. ಬಾಳೆ ಮೀನು ರಾತ್ರಿಯ ಮೀನು, ಜೀವಂತ ಸಣ್ಣ ಮೀನು ಚುಚ್ಚಿದರೆ ಬಾಯಿ ಹಾಕುತ್ತದೆ. ಚೇಳು ಮೀನು ಗಾಳಕ್ಕೆ ಬಿದ್ದರೆ ಕೈ ಹಾಕುವ ರೀತಿಯೇ ಬೇರೆ. ಅದರ ರೆಕ್ಕೆಯ ಮುಳ್ಳು ಚುಚ್ಚಿದರೆ ರಾತ್ರಿಯೆಲ್ಲಾ ಉರಿ. ಕಾಲುವೆ ನೀರು ಬಂದ್ ಆದ ಮೇಲೆ ಕೆಸರಲ್ಲಿ ಉಸಿರು ಹಿಡಿದಿರುವ ಮೀನು ಯಾವುದು, ನೀರು ಬತ್ತಿದ ಕೂಡಲೇ ಸಾಯುವುದು ಯಾವುದು, ಎಲ್ಲ ಮುತ್ಯಾನಿಗೆ ಗೊತ್ತಿತ್ತು. ಅಕ್ಷರ ಮಾತ್ರ ಗೊತ್ತಿರಲಿಲ್ಲ. ಅಕ್ಷರ ಇಲ್ಲದ್ದಕ್ಕೆ ಅವನ ವಿದ್ಯೆ ವಿದ್ಯೆ ಎನಿಸಿಕೊಳ್ಳಲಿಲ್ಲ.

ಅವನಿಗೆ ನೀತಿಯೂ ಇತ್ತು. ಮಳೆಗಾಲದಲ್ಲಿ ಕೊರವ ಮರಿ ಮಾಡುತ್ತದೆ. ಕೆಂಪು ಬಣ್ಣದ ಸಣ್ಣ ಮರಿಗಳ ಹಿಂಡು ನೀರ ಮೇಲೆ ತೇಲುತ್ತದೆ, ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ. ಆ ಹೊತ್ತಿನಲ್ಲಿ ಅದು ಏನು ಹಾಕಿದರೂ ಸಿಟ್ಟಿನಿಂದ ಬಾಯಿ ಹಾಕುತ್ತದೆ. ಹಿಡಿಯುವುದು ಬಲು ಸುಲಭ. ಮುತ್ಯಾ ಹಿಡಿಯುತ್ತಿರಲಿಲ್ಲ. "ಮರಿ ಕಾಯೋದಕ್ಕ ಗಾಳ ಹಾಕಬ್ಯಾಡ. ಒಂದು ತಿಂದಿ, ಸಾವಿರ ಕಳಕೊಂಡಿ" ಅನ್ನುತ್ತಿದ್ದ. ಮನೆಯಲ್ಲಿ ಒಲೆ ಹತ್ತದ ದಿನವೂ ಹೀಗೆ ಅಂದವನು ಅವನು. ಅವನಿಗೂ ಇಷ್ಟದ ಮೀನು ಒಂದಿತ್ತು, ಬಾಳೆ. ಇಷ್ಟ ಒಂದಾದರೂ ಗೊತ್ತಿದ್ದದ್ದು ಹಲವು. ಆಯಿಯ ಕೈಯೂ ಹಾಗೇ. ದೊಡ್ಡದಕ್ಕೆ ಒಂದು ಸಾರು, ಮುಳ್ಳಿನ ಸಣ್ಣ ಮೀನಿಗೆ ಹುಣಸಿಹುಳಿ, ಒಣಖಾರ. ಉಳಿದದ್ದು ಬಿಸಿಲಿಗೆ. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ನಮ್ಮ ಕೇರಿ ದಾಟಿದವರ ಮುಖ ನಾವು ಮರೆತಿಲ್ಲ.

ಒಂದೋ ಹಲವೋ ಎಂಬುದು ಇಂದು ನಿನ್ನೆಯ ಮಾತಲ್ಲ. ನಮ್ಮದೇ ಸೀಮೆಯ ಕಲ್ಯಾಣದಿಂದ, ಬಸವಾದಿ ಶರಣರಿಗಿಂತ ಮೊದಲು, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳಿದ. ಅವನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ 1130ರ ಆಸುಪಾಸಿನದು. ಅದರಲ್ಲಿ ಅರಸನ ವಿನೋದಗಳ ನಡುವೆ ಮತ್ಸ್ಯವಿನೋದವೂ ಒಂದು. ಸುಮಾರು 35 ಬಗೆಯ ಮೀನುಗಳು ಅಲ್ಲಿ ಬರುತ್ತವೆ. ಕಡಲಿನವು, ಹೊಳೆಯವು, ಹುರುಪೆ ಇದ್ದವು, ಇಲ್ಲದವು. ಯಾವುದಕ್ಕೆ ಯಾವ ಮೇವು ಎಂಬುದೂ ಇದೆ. ಅರಸ ಒಂದೇ ಮೀನಿಗೆ ಕಟ್ಟುಬಿದ್ದವನಲ್ಲ. ಆದರೆ ಆ ಮೀನಿಗೆ ದಿನವೂ ಮೇವು ಹಾಕಿದವರು ಯಾರು? ಅವುಗಳ ಗುಣ ಅರಸನಿಗೆ ಹೇಳಿಕೊಟ್ಟವರು ಯಾರು? ಮೀನಿನ ಹೆಸರು ಉಳಿಯಿತು, ಹಿಡಿದವನ ಹೆಸರು ಉಳಿಯಲಿಲ್ಲ.

ಬ್ರಿಟಿಷರ ಕಾಲಕ್ಕೆ ಹಲವು ಹೋಗಿ ಒಂದು ಮುಂದೆ ಬಂತು. ಸಾಹೇಬರಿಗೆ ಬೇಕಾದದ್ದು ಮಹಶೀರ್. ಗಾಳ ಕಚ್ಚಿದ ಮೇಲೆ ಸೋಲದೆ ಜಗ್ಗಾಡುವ ಮೀನು ಅದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಆ ಹೊಳೆಯ ಹೆಸರನ್ನು ಜಗತ್ತಿಗೆ ಮುಟ್ಟಿಸಿತು. 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ನಡೆದವು. ಮೀನು ಕಡಿಮೆ ಆಗಬಾರದು ಎಂಬ ಪ್ರೀತಿ ಅವರಿಗಿತ್ತು. ಇಲ್ಲ ಅನ್ನುವುದಿಲ್ಲ.

ಆ ಪ್ರೀತಿ ಏನು ಮಾಡಿತು ನೋಡಿ. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೇಂದ್ರ ಮಹಶೀರ್ ಮರಿ ಮಾಡಿಸುತ್ತಿತ್ತು. ಅಲ್ಲಿಯ ತಳಿ ಕಾವೇರಿಗೂ ಬಂತು. ಅದೂ ಮಹಶೀರೇ, ಆದರೆ ಬೇರೆ ಜಾತಿ, ನೀಲಿ ರೆಕ್ಕೆಯದು. 1839ರಲ್ಲಿ ಕರ್ನಲ್ ಸೈಕ್ಸ್ ಎಂಬಾತ ಪುಣೆಯ ಹತ್ತಿರದ ಮುಳಾ-ಮುಠಾ ಹೊಳೆಯಿಂದ ಅದನ್ನು ವರ್ಣಿಸಿದ್ದ. ಮುಳಾ-ಮುಠಾ ಭೀಮೆಗೆ ಸೇರುತ್ತದೆ. ಭೀಮೆ ನಮ್ಮ ಯಾದಗಿರಿ ಜಿಲ್ಲೆ ದಾಟಿ ಕೃಷ್ಣೆಗೆ ಕೂಡುತ್ತದೆ. ಅಂದರೆ ನಮ್ಮ ಹೊಳಿಯ ಬಳಗದ ಮೀನನ್ನು ಒಯ್ದು ಅವರ ಹೊಳೆಗೆ ಬಿಟ್ಟರು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಆಮೇಲೆ ತೆಗೆದು ನೋಡಿದರು. ನೀಲಿ ರೆಕ್ಕೆಯದು ಹೆಚ್ಚುತ್ತಾ ಹೋಗಿತ್ತು. ಗೂನುಬೆನ್ನಿನದು ಇಳಿಯುತ್ತಾ ಬಂದು, ಸಿಕ್ಕವೆಲ್ಲ ಬರೀ ದೊಡ್ಡವಾಗಿದ್ದವು. ದೊಡ್ಡವು ಮಾತ್ರ ಸಿಕ್ಕರೆ ಹಿಗ್ಗಬೇಕಿಲ್ಲ. ಮರಿ ಬರುತ್ತಿಲ್ಲ ಎಂದು ಅದರ ಅರ್ಥ. ಮಕ್ಕಳಿಲ್ಲದ ಊರಿನಲ್ಲಿ ಮುದುಕರು ಉಳಿದ ಹಾಗೆ.

ಇನ್ನೊಂದು ಸಂಗತಿ ನಮ್ಮನ್ನು ನಿದ್ದೆಗೆಡಿಸಿತು. ಜಗತ್ತೇ ಬೆನ್ನು ಹತ್ತಿದ್ದ ಆ ಮೀನಿಗೆ ವಿಜ್ಞಾನದ ಪುಸ್ತಕದಲ್ಲಿ ಖಾತ್ರಿಯಾದ ಹೆಸರೇ ಇರಲಿಲ್ಲ. ಹೆಸರಿಲ್ಲದ್ದಕ್ಕೆ ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಜಾಗವೂ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಕೊಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರೇ ಇದರದೂ ಎಂದು 2018ರಲ್ಲಿ ಗೊತ್ತಾಯಿತು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಗೆಳೆಯರೇ, ಹೆಸರಿಲ್ಲದವರಿಗೆ ಪಟ್ಟಿಯಲ್ಲಿ ಜಾಗ ಇಲ್ಲ ಎಂಬ ಮಾತು ನಮಗೆ ಹೊಸದೇ? ರೇಷನ್ ಕಾರ್ಡಿಗೆ, ಮನೆ ಹಂಚಿಕೆಗೆ, ಪರಿಹಾರಕ್ಕೆ ಸರದಿ ನಿಂತ ನಮ್ಮ ಜನಕ್ಕೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಂದೇ ಮೀನಿನ ಹುಚ್ಚು ಸಾಹೇಬರಿಗೆ ಮಾತ್ರ ಅಂಟಿದ್ದಲ್ಲ, ಸರ್ಕಾರಕ್ಕೂ ಅಂಟಿತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಚುಚ್ಚುಮದ್ದಿನಿಂದ ಕೆಂಡೆ ಮೀನಿಗೆ ಮೊಟ್ಟೆ ಇಡಿಸಿದ. ದೊಡ್ಡ ಸಾಧನೆಯೇ ಅದು. ಅಲ್ಲಿಂದ ಮುಂದೆ ದೇಶದ ಕೆರೆ, ಜಲಾಶಯಗಳಿಗೆಲ್ಲ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಬಂದವು. ಮೂರೂ ಗಂಗೆಯ ಕಡೆಯವು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಬೇಗ ಬೆಳೆಯುತ್ತವೆ, ಸಂತೆಗೆ ಅಗ್ಗಕ್ಕೆ ಬರುತ್ತವೆ. ಅವನ್ನು ನಾವೂ ತಿಂದು ಬೆಳೆದಿದ್ದೇವೆ, ಬೈಯುವುದಿಲ್ಲ. ಆದರೆ ಇಲಾಖೆಯ ಪುಸ್ತಕದಲ್ಲಿ ಮೀನು ಅಂದರೆ ಈ ಮೂರೇ ಆಗಿಬಿಟ್ಟವು. ಉಳಿದವನ್ನು ಕಳೆ ಮೀನು ಅಂದರು. ಮುತ್ಯಾನ ಕೊರವ, ಬಾಳೆ, ಚೇಳು ಎಲ್ಲಾ ಕಳೆ. ಬಿತ್ತಿದ್ದು ಬೆಳೆ, ತಾನಾಗಿ ಹುಟ್ಟಿದ್ದು ಕಳೆ. ಈ ಮಾತನ್ನು ನಾವು ಮನುಷ್ಯರ ಬಗ್ಗೆಯೂ ಕೇಳಿದ್ದೇವೆ.

ಮೀನು ಬಿತ್ತಿದ ಮೇಲೆ ನೀರಿಗೆ ಯಜಮಾನ ಹುಟ್ಟುತ್ತಾನೆ. ಒಮ್ಮೆ ಒಂದು ಕೆರೆಯ ದಂಡಿಯಲ್ಲಿ ಗುತ್ತಿಗೆ ಹಿಡಿದವರ ಕಡೆಯ ಹುಡುಗರು ಮುತ್ಯಾನ ಕೋಲು ಮುರಿದು ನೀರಿಗೆ ಎಸೆದರು. "ಬಿತ್ತಿದ ಮೀನ ನಮ್ದು" ಅಂದರು. ಮುತ್ಯಾ ಜಗಳ ತೆಗೆಯಲಿಲ್ಲ. ತನ್ನ ಬುಟ್ಟಿ ಬಗ್ಗಿಸಿ ತೋರಿಸಿದ. ಅದರಲ್ಲಿ ಇದ್ದದ್ದು ನಾಲ್ಕು ಚೇಳು ಮೀನು, ಒಂದು ಹಾವು ಮೀನು. "ಇವನ್ನ ಯಾರ ಬಿತ್ಯಾರಪ್ಪ?" ಎಂದು ಕೇಳಿದ. ಉತ್ತರ ಬರಲಿಲ್ಲ. ನಾವು ಆಗ ನಾಲ್ಕನೇ ಇಯತ್ತೆ. ಮುಂದೆ ಎಷ್ಟೋ ಭಾಷಣ ಕೇಳಿದ್ದೇವೆ, ಅಷ್ಟು ನೆಟ್ಟಗಿನ ಪ್ರಶ್ನೆ ಕೇಳಿಲ್ಲ.

ಹಾಗಾದರೆ ನಮ್ಮ ತೀರ್ಮಾನ ಏನು? ಗಾಳ ಹಾಕುವವನು ಹಲವು ಮೀನು ಅರಿತಿರಬೇಕು. ಒಂದನ್ನೇ ಅರಿತವನಿಗೆ ಹೊಳೆ ಆ ಒಂದರ ಡಬ್ಬಿಯಾಗಿ ಕಾಣುತ್ತದೆ. ಆ ಒಂದು ಕಡಿಮೆಯಾದರೆ ಅದರಂಥದ್ದೇ ಇನ್ನೊಂದು ತಂದು ಸುರಿಯುತ್ತಾನೆ. ಹಲವನ್ನು ಅರಿತವನಿಗೆ ಒಂದು ಹೋದರೂ ತಿಳಿಯುತ್ತದೆ. ಕಲ್ಲಿನ ಸಂದಿಯಲ್ಲಿ ಹಾವು ಮೀನು ಬೀಳದ ವರ್ಷ ಮುತ್ಯಾ, "ಮರಳು ಎತ್ಯಾರ, ತಳ ಕೆಟ್ಟದ" ಅಂದಿದ್ದ. ಯಾವ ಯಂತ್ರ ಇಟ್ಟೂ ಅವನು ಅಳೆದಿರಲಿಲ್ಲ.

ಆದರೆ ನ್ಯಾಯ ಎರಡೂ ಕಡೆ ಹೇಳಬೇಕು. ಒಂದೇ ಮೀನಿನ ಹಿಂದೆ ಬಿದ್ದ ಕಾವೇರಿಯವರು ಒಂದು ಕೆಲಸ ಮಾಡಿದರು. ತಾರೀಖು, ತೂಕ ಬರೆದಿಟ್ಟರು. ಆ ಲೆಕ್ಕ ಇದ್ದದ್ದಕ್ಕೇ ಗೂನುಬೆನ್ನಿನ ಮೀನಿನ ಅಳಿವು ಜಗತ್ತಿಗೆ ತಿಳಿಯಿತು. ನಮ್ಮವರು ಹಲವನ್ನು ಬಲ್ಲರು, ಒಂದನ್ನೂ ಬರೆಯಲಿಲ್ಲ. ಬರೆಯಲು ಬಿಟ್ಟಿದ್ದರಲ್ಲವೇ ಬರೆಯುವುದು! ಈಗ ಅಕ್ಷರ ನಮ್ಮ ಕೈಗೂ ಬಂದಿದೆ. ಕೃಷ್ಣೆಯ ದಂಡೆಯಲ್ಲಿ ನಮ್ಮ ಮನೆತನದ ಮೊದಲ ಪದವೀಧರರು ನಾವು. ಪದವಿಯ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಸಾಲದು.

ಹಳ್ಳಿ ಶಾಲೆಯ ಮಾಸ್ತರರೇ, ನಿಮಗೊಂದು ಕೇಳಿಕೆ. ಹುಡುಗರಿಗೆ ಒಂದು ವಾರ ಬೇರೆ ಮನೆಪಾಠ ಬೇಡ. ಮನೆಯ ಮುತ್ಯಾ, ಆಯಿ, ಹೊಳಿ ದಂಡಿಯ ಅಂಬಿಗರ ದೊಡ್ಡಪ್ಪ, ಇವರನ್ನು ಕೇಳಿ ಬರಲಿ. ಯಾವ ಮೀನು, ನಮ್ಮ ಕಡೆ ಅದಕ್ಕೆ ಏನಂತಾರೆ, ಯಾವ ಮಡುವಿನಲ್ಲಿ, ಯಾವ ಮಳೆಗೆ, ಯಾವ ಎರೆಗೆ ಬೀಳುತ್ತಿತ್ತು, ಯಾವ ವರ್ಷದಿಂದ ಬೀಳುತ್ತಿಲ್ಲ. ಹೇಳಿದವರ ಹೆಸರನ್ನೂ ಜೊತೆಗೆ ಬರೆಸಿರಿ. ಮಾನಸೋಲ್ಲಾಸದಲ್ಲಿ ಬಿಟ್ಟುಹೋದ ಸಾಲು ಅದೇ. ನಾವು ನಮ್ಮ ನೋಟುಬುಕ್ಕಿನಲ್ಲಿ ಶುರು ಮಾಡಿದ್ದೇವೆ. ಮೊದಲ ಪುಟದಲ್ಲಿ ಹನ್ನೊಂದು ಹೆಸರಿವೆ. ಹನ್ನೊಂದರಲ್ಲಿ ನಾಲ್ಕನ್ನು ನಾವು ಕಣ್ಣಿಂದ ನೋಡಿಲ್ಲ, ಹೇಳಿದವರ ಬಾಯಲ್ಲಿ ಮಾತ್ರ ಕೇಳಿದ್ದೇವೆ. ಹೇಳಿದವರಿಗೆ ಎಂಬತ್ತು ದಾಟಿದೆ.

ತಡ ಮಾಡಬೇಡಿ. ಹೆಸರು ಬರೆಯದ ಮೀನು ಸತ್ತರೆ ಪಂಚನಾಮೆಯೂ ಆಗುವುದಿಲ್ಲ.